ಕೈತಪ್ಪಿದ ಕರೆ: ದತ್ತಸಂಚಯಗಳ ಪ್ರತಿಕೃತೀಕರಣದಲ್ಲಿ ಕಾಯುವಿಕೆಯ ಸಮಸ್ಯೆ

ಹಣ ವರ್ಗಾಯಿಸಿದ ಗ್ರಾಹಕನಿಗೆ ಗಣಕದ ತೆರೆಯ ಮೇಲೆ ‘ವಹಿವಾಟು ಪೂರ್ಣಗೊಂಡಿದೆ’ ಎಂಬ ಸಾಲು ಕಾಣಿಸಿಕೊಂಡಾಗ ಅದರ ಹಿಂದೆ ಒಂದು ವಾಗ್ದಾನವಿರುತ್ತದೆ. ಇನ್ನು ಮುಂದೆ ವಿದ್ಯುತ್ತು ಹೋದರೂ ಯಂತ್ರ ಸ್ಥಗಿತಗೊಂಡರೂ ಈ ವಹಿವಾಟು ಅಳಿಸಿಹೋಗದು ಎಂಬುದೇ ಆ ವಾಗ್ದಾನ. ವಹಿವಾಟನ್ನು ಹೀಗೆ ಕಾಯಂಗೊಳಿಸುವ ಕ್ರಿಯೆಯನ್ನು ದತ್ತಸಂಚಯ ಶಾಸ್ತ್ರದಲ್ಲಿ ಕಮಿಟ್ ಎಂದು ಕರೆಯುತ್ತಾರೆ. ಆದರೆ ಎಲ್ಲ ದಾಖಲೆಗಳೂ ಒಂದೇ ಯಂತ್ರದಲ್ಲಿದ್ದರೆ, ಆ ಯಂತ್ರದ ಡಿಸ್ಕು ಕೆಟ್ಟ ದಿನ ವಾಗ್ದಾನವೂ ಅದರೊಡನೆ ಹೋಗುತ್ತದೆ. ಆದುದರಿಂದ ಮತ್ತೊಂದು ಯಂತ್ರದಲ್ಲಿ ಪ್ರತಿಕೃತಿಯೊಂದನ್ನು ಸದಾ ಸಿದ್ಧವಾಗಿರಿಸುವ ಪದ್ಧತಿ ಬೆಳೆದುಬಂದಿದೆ. ಪ್ರತಿಕೃತಿ ತಲುಪಿದ ಖಾತರಿ ದೊರೆಯುವವರೆಗೂ ಗ್ರಾಹಕನಿಗೆ ಉತ್ತರ ಕೊಡದೆ ಕಾಯುವುದಾದರೆ ಅದು ಸಮಕಾಲಿಕ ಪ್ರತಿಕೃತೀಕರಣ.

ಈ ಪದ್ಧತಿಯನ್ನು ಕುರಿತ ಚರ್ಚೆಗಳಲ್ಲಿ ಜಾಲದ ವೇಗ, ಎರಡು ಯಂತ್ರಗಳ ನಡುವಣ ದೂರ ಮೊದಲಾದ ಸಂಗತಿಗಳೇ ಮುನ್ನೆಲೆಗೆ ಬರುತ್ತವೆ. ದತ್ತಾಂಶವನ್ನು ಕಳುಹಿಸುವುದು ವಾಸ್ತವವಾಗಿ ಅಷ್ಟೊಂದು ಜಟಿಲವಾದ ಕೆಲಸವಲ್ಲ. ಜಟಿಲವಾದದ್ದು ಕಾಯುವುದು: ಯಾವ ಪ್ರಕ್ರಿಯೆ ಯಾರಿಗಾಗಿ ಕಾಯುತ್ತಿದೆ, ಅದನ್ನು ಎಬ್ಬಿಸುವವರು ಯಾರು, ಎಬ್ಬಿಸಿದ ಕರೆ ಅದಕ್ಕೆ ಕೇಳಿಸದೆ ಹೋದರೆ ಏನಾಗುತ್ತದೆ, ಕಾಯುತ್ತಿರುವಾಗಲೇ ಆ ಪ್ರಕ್ರಿಯೆ ಕೊನೆಗೊಂಡರೆ ಅದರ ಹೆಸರನ್ನು ಸರದಿಯಿಂದ ತೆಗೆಯುವವರು ಯಾರು ಎಂಬ ಪ್ರಶ್ನೆಗಳು. ಪ್ರಸ್ತುತ ಲೇಖನದಲ್ಲಿ ಇವುಗಳನ್ನು ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಮುಕ್ತ ದತ್ತಸಂಚಯ ತಂತ್ರಾಂಶದ ನಿದರ್ಶನದ ಮೂಲಕ ವಿವರಿಸಲು ಯತ್ನಿಸಲಾಗಿದೆ. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಅವರ ನೇತೃತ್ವದಲ್ಲಿ 1986ರಲ್ಲಿ ಆರಂಭವಾದ ಯೋಜನೆಯಿಂದ ಹುಟ್ಟಿ, 1996ರಲ್ಲಿ ಈಗಿನ ಹೆಸರನ್ನು ಪಡೆದ ಈ ತಂತ್ರಾಂಶದ ಸೋರ್ಸ್ ಕೋಡ್ ಎಲ್ಲರಿಗೂ ತೆರೆದಿದೆ. ಅದರ ತಪ್ಪುಗಳೂ ತಿದ್ದುಪಡಿಗಳೂ ಕಾರಣಸಹಿತ ಬಹಿರಂಗವಾಗಿ ದಾಖಲಾಗಿವೆ. ಅಧ್ಯಯನ ಮಾಡುವವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಇರಲಾರದು.

ಕಿರ್ದಿ ಮತ್ತು ಸರದಿ

ನಮ್ಮ ಹಳೆಯ ಅಂಗಡಿಗಳಲ್ಲಿ ಲೆಕ್ಕ ಬರೆಯುವವರು ಪ್ರತಿಯೊಂದು ವ್ಯವಹಾರವನ್ನೂ ನಡೆದ ಕ್ರಮದಲ್ಲಿ ಮೊದಲು ಕಿರ್ದಿಗೆ ಹಾಕಿ, ಬಿಡುವಾದಾಗ ಖಾತೆಗಳಿಗೆ ಇಳಿಸುತ್ತಿದ್ದರು. ಖಾತೆಯ ಪುಸ್ತಕ ಹಾಳಾದರೂ ಕಿರ್ದಿಯಿಂದ ಅದನ್ನು ಮತ್ತೆ ಬರೆಯಬಹುದಾಗಿತ್ತು. ದತ್ತಸಂಚಯಗಳೂ ಹೀಗೆಯೇ ನಡೆಯುತ್ತವೆ. ಪ್ರತಿಯೊಂದು ಬದಲಾವಣೆಯೂ ಮೊದಲು ಕಿರ್ದಿಯಂತಹ ಒಂದು ಕಡತವನ್ನು ಸೇರುತ್ತದೆ. ಅದು ಡಿಸ್ಕಿಗೆ ತಲುಪಿದರೆ ಕಮಿಟ್ ಆದಂತೆ. ಪೋಸ್ಟ್‌ಗ್ರೆಸ್‌ನಲ್ಲಿ ಈ ವ್ಯವಸ್ಥೆ 2001ರ 7.1ನೆಯ ಆವೃತ್ತಿಯಲ್ಲಿ ಬಂದಿತು. ಕಿರ್ದಿಯ ಪ್ರತಿಯೊಂದು ನಮೂದಿಗೂ 64 ಬಿಟ್ಟುಗಳ ಒಂದು ಸ್ಥಾನಸಂಖ್ಯೆ ಇರುತ್ತದೆ. ನಂತರ ಬರೆದ ನಮೂದಿನ ಸಂಖ್ಯೆ ಯಾವಾಗಲೂ ದೊಡ್ಡದು.

ಕಿರ್ದಿ ಬೆಳೆಯುತ್ತಿದ್ದಂತೆಯೇ ಅದನ್ನು ಮೀಸಲು ಸರ್ವರಿಗೆ ಹರಿಸುವ ಸೌಲಭ್ಯ 2010ರ 9.0ನೆಯ ಆವೃತ್ತಿಯಲ್ಲಿಯೂ, ಮೀಸಲು ಸರ್ವರಿನ ಸ್ವೀಕೃತಿ ಬರುವವರೆಗೆ ಕಾಯುವ ಸಮಕಾಲಿಕ ಕ್ರಮ 2011ರ ಸೆಪ್ಟೆಂಬರಿನ 9.1ನೆಯ ಆವೃತ್ತಿಯಲ್ಲಿಯೂ ದೊರೆತವು. ಸಮಕಾಲಿಕ ಕ್ರಮವನ್ನು ರೂಪಿಸಿದವರು, 2024ರಲ್ಲಿ ನಿಧನರಾದ ಸೈಮನ್ ರಿಗ್ಸ್ ಮತ್ತು ಅವರೊಡನೆ ಫುಜಿ ಮಸಾವೊ.

ಪೋಸ್ಟ್‌ಗ್ರೆಸ್‌ನಲ್ಲಿ ಸಂಪರ್ಕಕ್ಕೆ ಬಂದ ಪ್ರತಿಯೊಬ್ಬ ಗ್ರಾಹಕನಿಗೂ ಒಂದು ಪ್ರತ್ಯೇಕ ಪ್ರಕ್ರಿಯೆಯನ್ನು ಒದಗಿಸಲಾಗುತ್ತದೆ. ಇದನ್ನು ಸೇವಾ ಪ್ರಕ್ರಿಯೆ ಎನ್ನೋಣ. ಮೀಸಲು ಸರ್ವರಿಗೆ ಕಿರ್ದಿಯನ್ನು ಕಳುಹಿಸಲು ಬೇರೊಂದು ರವಾನೆ ಪ್ರಕ್ರಿಯೆಯಿದೆ. ಇವೆಲ್ಲವೂ ಹಂಚಿಕೊಂಡಿರುವ ಸ್ಮೃತಿಯ ಒಂದು ಭಾಗದಲ್ಲಿ ಪ್ರತಿ ಪ್ರಕ್ರಿಯೆಗೂ ಒಂದೊಂದು ಆಸನವಿದೆ. ಯಾವ ಸ್ಥಾನಸಂಖ್ಯೆಗಾಗಿ ಕಾಯುತ್ತಿದೆ, ಅದರ ಸ್ಥಿತಿಯೇನು, ಸರದಿಯಲ್ಲಿ ಅದರ ಹಿಂದೆ ಮುಂದೆ ಯಾರಿದ್ದಾರೆ ಎಂಬ ವಿವರಗಳು ಆ ಆಸನದಲ್ಲಿಯೇ ಬರೆದಿರುತ್ತವೆ. ಸೇವಾ ಪ್ರಕ್ರಿಯೆ ತನ್ನ ಕಮಿಟ್ ನಮೂದನ್ನು ಸ್ಥಳೀಯ ಡಿಸ್ಕಿಗೆ ಬರೆದ ಮೇಲೆ ಸರದಿಯನ್ನು ಸೇರಿ ನಿದ್ರಿಸುತ್ತದೆ. ಮೀಸಲು ಸರ್ವರಿನಿಂದ ‘ಇಲ್ಲಿಯವರೆಗೆ ತಲುಪಿದೆ’ ಎಂಬ ಉತ್ತರ ಬಂದೊಡನೆ ರವಾನೆ ಪ್ರಕ್ರಿಯೆಯು ಸರದಿಯ ಮುಂಭಾಗದಿಂದ ಆರಂಭಿಸಿ, ಆ ಸಂಖ್ಯೆಯೊಳಗಿನ ಎಲ್ಲರನ್ನೂ ಸರದಿಯಿಂದ ಬಿಡಿಸಿ ಎಬ್ಬಿಸುತ್ತದೆ. ಸರದಿಯು ಸ್ಥಾನಸಂಖ್ಯೆಯ ಏರಿಕೆಯ ಕ್ರಮದಲ್ಲಿರುವುದರಿಂದ ಎಲ್ಲರನ್ನೂ ವಿಚಾರಿಸುವ ಅಗತ್ಯವಿಲ್ಲ.

ಹೇಳಲು ಇಷ್ಟೇ. ಆದರೆ ನಿದ್ರಿಸುವುದು ಮತ್ತು ಎಬ್ಬಿಸುವುದು ಎಂಬ ಎರಡು ಪದಗಳ ನಡುವೆ ಒಂದು ಬಿರುಕಿದೆ.

ಕರೆ ಕೈತಪ್ಪುವ ಬಗೆ

ರಾತ್ರಿ ಬಸ್ಸಿನ ಪ್ರಯಾಣಿಕನೊಬ್ಬ ‘ನಮ್ಮೂರು ಬಂದಾಗ ಕೂಗಿ’ ಎಂದು ಕಂಡಕ್ಟರಿಗೆ ಹೇಳಿರುತ್ತಾನೆ. ಕಿಟಕಿಯಾಚೆ ನೋಡುತ್ತಾನೆ, ಊರು ಇನ್ನೂ ಬಂದಿಲ್ಲ. ಸರಿ, ಮಲಗೋಣವೆಂದು ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಳ್ಳುತ್ತಾನೆ. ನೋಡಿದ ಕ್ಷಣಕ್ಕೂ ಮಲಗಿದ ಕ್ಷಣಕ್ಕೂ ನಡುವೆ ಬಸ್ಸು ಊರನ್ನು ತಲುಪಿ, ಕಂಡಕ್ಟರು ಒಮ್ಮೆ ಕೂಗಿ ಮುಂದಕ್ಕೆ ಹೋಗಿರುತ್ತಾನೆ. ಅವನ ಪಾಲಿಗೆ ಕರ್ತವ್ಯ ಮುಗಿಯಿತು, ಮತ್ತೆ ಕೂಗುವುದಿಲ್ಲ. ಪ್ರಯಾಣಿಕನ ಪಾಲಿಗೆ ಕರೆ ಇನ್ನೂ ಬರಬೇಕಾಗಿದೆ. ಇಬ್ಬರಲ್ಲಿ ಯಾರೂ ತಪ್ಪು ಮಾಡಿಲ್ಲ. ಆದರೂ ಪ್ರಯಾಣಿಕ ಇಳಿಯುವುದಿಲ್ಲ. ಗಣಕಶಾಸ್ತ್ರದಲ್ಲಿ ಕೈತಪ್ಪಿದ ಕರೆಯೆಂಬ ದೋಷದ ಸ್ವರೂಪ ಇದೇ: ಸ್ಥಿತಿಯನ್ನು ಪರೀಕ್ಷಿಸುವುದು ಮತ್ತು ನಿದ್ರೆಗಿಳಿಯುವುದು ಎರಡು ಬೇರೆ ಬೇರೆ ಹೆಜ್ಜೆಗಳಾಗಿದ್ದು, ಅವುಗಳ ನಡುವೆ ಬಂದ ಕರೆಗೆ ಯಾವ ಗುರುತೂ ಉಳಿಯದಿರುವುದು.

ಇದು ಹೊಸ ಸಮಸ್ಯೆಯಲ್ಲ. ಡೈಕ್‌ಸ್ಟ್ರಾ ಅವರು 1960ರ ದಶಕದಲ್ಲಿ ರೂಪಿಸಿದ ಸೆಮಫೋರ್ ಎಂಬ ಸಾಧನವು, ಕಾಯುವವರು ಯಾರೂ ಇಲ್ಲದಾಗ ಬಂದ ಕರೆಯನ್ನೂ ಎಣಿಕೆಯಾಗಿ ಕೂಡಿಡುತ್ತದೆ. ಅಮೆರಿಕದ ಎಂ.ಐ.ಟಿ.ಯಲ್ಲಿ ಜೆರೋಮ್ ಸಾಲ್ಟ್‌ಜರ್ 1966ರಲ್ಲಿ ಸಲ್ಲಿಸಿದ ಮಹಾಪ್ರಬಂಧದಲ್ಲಿ, ಎಚ್ಚರವಿರುವಾಗಲೇ ಬಂದ ಕರೆಯನ್ನು ನೆನಪಿಟ್ಟುಕೊಳ್ಳುವ ಒಂದು ಗುಂಡಿಯ ಕಲ್ಪನೆಯಿದೆ. ಲ್ಯಾಂಪ್‌ಸನ್ ಮತ್ತು ರೆಡೆಲ್ ಅವರು ಮೆಸಾ ಭಾಷೆಯ ಅನುಭವವನ್ನು ಕುರಿತು 1980ರಲ್ಲಿ ಪ್ರಕಟಿಸಿದ ಪ್ರಬಂಧವು ಇದೇ ವಿಚಾರದ ಇನ್ನೊಂದು ಮಗ್ಗುಲನ್ನು ಸ್ಪಷ್ಟಪಡಿಸಿತು: ಎಬ್ಬಿಸುವ ಕರೆಯನ್ನು ಸುಳಿವೆಂದಷ್ಟೇ ಭಾವಿಸತಕ್ಕದ್ದು, ಎದ್ದವನು ತನ್ನ ಕೆಲಸ ನಿಜವಾಗಿಯೂ ಆಗಿದೆಯೇ ಎಂದು ತಾನೇ ಮತ್ತೊಮ್ಮೆ ನೋಡತಕ್ಕದ್ದು. ನಲವತ್ತು ವರ್ಷಗಳಿಗೂ ಹಳೆಯದಾದ ಈ ತಿಳಿವಳಿಕೆ ಇಂದಿಗೂ ಪ್ರತಿ ತಲೆಮಾರಿನ ತಂತ್ರಾಂಶದಲ್ಲಿ ಹೊಸದಾಗಿ ಮರೆತುಹೋಗುತ್ತಿರುವುದು ಗಮನಾರ್ಹ.

ಪೋಸ್ಟ್‌ಗ್ರೆಸ್‌ನ 9.0ನೆಯ ಆವೃತ್ತಿಯಲ್ಲಿ ರವಾನೆ ಪ್ರಕ್ರಿಯೆಯು ಈ ಗೋಜಿಗೇ ಹೋಗದೆ, 200 ಮಿಲಿಸೆಕೆಂಡುಗಳಿಗೊಮ್ಮೆ ಎದ್ದು ಹೊಸ ನಮೂದುಗಳಿವೆಯೇ ಎಂದು ನೋಡುತ್ತಿತ್ತು. ಗ್ರಾಹಕ ಕಾಯದಿದ್ದಾಗ ಅದು ನಡೆಯುತ್ತದೆ. ಪ್ರತಿ ಕಮಿಟ್‌ಗೂ ಗ್ರಾಹಕ ಕಾಯಬೇಕಾದಾಗ ಅಂತಹ ವಿಳಂಬವನ್ನು ಯಾರೂ ಸಹಿಸಲಾರರು. ಆದುದರಿಂದ ಹೈಕಿ ಲಿನ್ನಕಂಗಾಸ್ ಅವರು 9.1ನೆಯ ಆವೃತ್ತಿಗಾಗಿ ಲ್ಯಾಚ್ ಎಂಬ ಸಾಧನವನ್ನು ರಚಿಸಿದರು. ಲ್ಯಾಚ್ ಎಂದರೆ ಚಿಲಕ. ಎಬ್ಬಿಸುವವನು ಚಿಲಕವನ್ನು ಮೇಲೆತ್ತುತ್ತಾನೆ. ಕಾಯುವವನು ಎದ್ದಿರಲಿ ಮಲಗಿರಲಿ, ಅದು ಎತ್ತಿದಂತೆಯೇ ಉಳಿಯುತ್ತದೆ. ಚಿಲಕ ಎತ್ತಿದ್ದರೆ ಮಲಗಲು ಹೋದವನು ಮಲಗದೆ ಮರಳುತ್ತಾನೆ.

ಇಲ್ಲಿ ಕ್ರಮವೇ ಸರ್ವಸ್ವ. ಕಾಯುವವನು ಮೊದಲು ಚಿಲಕವನ್ನು ಇಳಿಸಿ, ಆಮೇಲೆ ತನ್ನ ಕೆಲಸ ಆಗಿದೆಯೇ ಎಂದು ನೋಡಿ, ಆಗಿಲ್ಲದಿದ್ದರೆ ಮಾತ್ರ ಮಲಗಬೇಕು. ಎಬ್ಬಿಸುವವನು ಮೊದಲು ಕೆಲಸವಾದ ಗುರುತನ್ನು ಬರೆದು, ಆಮೇಲೆ ಚಿಲಕವನ್ನು ಎತ್ತಬೇಕು. ಕಾಯುವವನು ಈ ಕ್ರಮವನ್ನು ತಿರುವುಮುರುವಾಗಿಸಿ, ಮೊದಲು ನೋಡಿ ಆಮೇಲೆ ಚಿಲಕ ಇಳಿಸಿದನೆನ್ನಿ. ನೋಡಿದ ಮೇಲೆ, ಇಳಿಸುವ ಮೊದಲು ಕರೆ ಬಂದರೆ ಅವನು ತನ್ನ ಕೈಯಿಂದಲೇ ಆ ಕರೆಯನ್ನು ಅಳಿಸಿಹಾಕಿ ಮಲಗುತ್ತಾನೆ. ಎರಡು ಸಾಲುಗಳು ಹಿಂದುಮುಂದಾದರೆ ಸಾಕು, ಸಾವಿರಾರು ಬಾರಿ ಸರಿಯಾಗಿ ನಡೆದ ವ್ಯವಸ್ಥೆ ಒಂದು ದಿನ ಕಾರಣ ತಿಳಿಯದಂತೆ ನಿಂತುಬಿಡುತ್ತದೆ.

ಯುನಿಕ್ಸ್ ವ್ಯವಸ್ಥೆಗಳಲ್ಲಿ ಚಿಲಕವನ್ನು ಕಟ್ಟುವುದರಲ್ಲಿಯೂ ಇದೇ ಬಿರುಕು ಮತ್ತೆ ಎದುರಾಗುತ್ತದೆ. ಒಂದು ಪ್ರಕ್ರಿಯೆ ಇನ್ನೊಂದನ್ನು ಎಬ್ಬಿಸುವುದು ಸಿಗ್ನಲಿನ ಮೂಲಕ. ಆದರೆ ಮಲಗುವ ಮುನ್ನಾ ಕ್ಷಣದಲ್ಲಿ ಸಿಗ್ನಲ್ ಬಂದರೆ ಅದು ನಿದ್ರೆಯನ್ನು ತಡೆಯದು. ಇದಕ್ಕಾಗಿ ಪ್ರಕ್ರಿಯೆ ತನಗೆ ತಾನೇ ಒಂದು ಪೈಪನ್ನು ತೆರೆದುಕೊಂಡು, ಸಿಗ್ನಲ್ ಬಂದಾಗ ಅದರೊಳಗೆ ಒಂದು ಬೈಟನ್ನು ಬರೆಯುತ್ತದೆ. ಪೈಪಿನಲ್ಲಿ ಬೈಟ್ ಇರುವವರೆಗೂ ನಿದ್ರೆ ಸಾಧ್ಯವಿಲ್ಲ. 2021ರ 14ನೆಯ ಆವೃತ್ತಿಯಿಂದ ಈಚೆಗೆ, ಲಿನಕ್ಸ್‌ನಲ್ಲಿ ಸಿಗ್ನಲನ್ನೇ ಕಡತದಂತೆ ಓದುವ ಸೌಲಭ್ಯವನ್ನು ಬಳಸಲಾಗುತ್ತಿದೆ.

ಚಿಲಕ ಸಿಕ್ಕಿದ ಮಾತ್ರಕ್ಕೆ ಸಮಸ್ಯೆ ತೀರಲಿಲ್ಲ. ಸೇವಾ ಪ್ರಕ್ರಿಯೆಯು ಡಿಸ್ಕಿಗೆ ಬರೆದು ಸರದಿಯ ಕಡೆಗೆ ಬರುವಷ್ಟರಲ್ಲಿ ಮೀಸಲು ಸರ್ವರಿನ ಸ್ವೀಕೃತಿ ಬಂದುಹೋಗಿರಬಹುದು. ಆಗ ಸರದಿಯಲ್ಲಿ ಅದರ ಹೆಸರೇ ಇಲ್ಲದಿರುವುದರಿಂದ ಅದನ್ನು ಎಬ್ಬಿಸುವವರಿಲ್ಲ. ಆದ್ದರಿಂದ ಸರದಿಯ ಬೀಗವನ್ನು ಹಿಡಿದ ಮೇಲೆ, ಸ್ವೀಕೃತಿ ಎಲ್ಲಿಯವರೆಗೆ ಬಂದಿದೆ ಎಂಬುದನ್ನು ಮೊದಲು ನೋಡಿ, ತನ್ನ ಸಂಖ್ಯೆಯನ್ನು ಅದು ದಾಟಿದ್ದರೆ ಕಾಯದೆ ಹೊರಬರಬೇಕು. ನೋಡುವುದೂ ಹೆಸರು ಬರೆಸುವುದೂ ಒಂದೇ ಬೀಗದ ಆಶ್ರಯದಲ್ಲಿ ನಡೆಯುವುದರಿಂದ ನಡುವೆ ಯಾರೂ ನುಸುಳಲಾರರು.

2011ರ ಮಾರ್ಚ್ ತಿಂಗಳಲ್ಲಿ ಸಮಕಾಲಿಕ ಕ್ರಮದ ಕೋಡ್ ಮುಖ್ಯ ಭಂಡಾರವನ್ನು ಸೇರಿದ ಕೆಲವೇ ದಿನಗಳಲ್ಲಿ ರಾಬರ್ಟ್ ಹಾಸ್ ಅವರು ಫುಜಿ ಮಸಾವೊ ಅವರ ಪರಿಶೀಲನೆಯೊಡನೆ ಒಂದು ತಿದ್ದುಪಡಿಯನ್ನು ಸೇರಿಸಿದರು. ಅದರಲ್ಲಿದ್ದ ಹಲವು ಸಂಗತಿಗಳಲ್ಲಿ ಒಂದು ನಮ್ಮ ವಿಷಯಕ್ಕೆ ಅತ್ಯಂತ ಹತ್ತಿರವಾದುದು. ಮೀಸಲು ಸರ್ವರ್ ಕೆಟ್ಟು ನಿಂತಿದೆ, ಕಮಿಟ್ ಮಾಡುವವರೆಲ್ಲ ಸರದಿಯಲ್ಲಿ ಸಿಲುಕಿದ್ದಾರೆ ಎಂದಿಟ್ಟುಕೊಳ್ಳೋಣ. ನಿರ್ವಾಹಕರು ಸಂರಚನೆಯ ಕಡತದಿಂದ ಮೀಸಲು ಸರ್ವರುಗಳ ಹೆಸರುಗಳನ್ನು ಅಳಿಸಿ, ಸಮಕಾಲಿಕ ಕ್ರಮವನ್ನು ನಿಲ್ಲಿಸಲು ಆಜ್ಞೆ ಕೊಡುತ್ತಾರೆ. ಇನ್ನು ಮುಂದೆ ಬರುವವರು ಕಾಯುವುದಿಲ್ಲ, ಸರಿ; ಆದರೆ ಈಗಾಗಲೇ ಕಾಯುತ್ತಿರುವವರನ್ನು ಎಬ್ಬಿಸುವವರು ಯಾರು? ರವಾನೆ ಪ್ರಕ್ರಿಯೆ ಆಗಲೇ ಇಲ್ಲವಾಗಿದೆ. ಆದುದರಿಂದ ಹೆಸರುಗಳ ಪಟ್ಟಿ ಬರಿದಾದೊಡನೆ ಸರದಿಯಲ್ಲಿರುವ ಎಲ್ಲರನ್ನೂ ಎಬ್ಬಿಸುವ ಹೊಣೆಯನ್ನು ಒಂದು ಹಿನ್ನೆಲೆಯ ಪ್ರಕ್ರಿಯೆಗೆ ವಹಿಸಲಾಯಿತು. ಇಂದು ಈ ಕೆಲಸ ಚೆಕ್‌ಪಾಯಿಂಟರ್ ಎಂಬ ಪ್ರಕ್ರಿಯೆಯದು. ಇದರಲ್ಲಿಯೂ ಒಂದು ಸೂಕ್ಷ್ಮವಿದೆ. ಹೊಸ ಸಂರಚನೆಯನ್ನು ಎಲ್ಲ ಪ್ರಕ್ರಿಯೆಗಳೂ ಒಂದೇ ಕ್ಷಣದಲ್ಲಿ ಓದುವುದಿಲ್ಲ. ಎಲ್ಲರನ್ನೂ ಎಬ್ಬಿಸಿಯಾದ ಮೇಲೆ, ಹಳೆಯ ಸಂರಚನೆಯನ್ನೇ ನಂಬಿಕೊಂಡಿರುವ ಸೇವಾ ಪ್ರಕ್ರಿಯೆಯೊಂದು ಬಂದು ಬರಿದಾದ ಸರದಿಯಲ್ಲಿ ಮಲಗಿದರೆ ಅದನ್ನು ಎಬ್ಬಿಸುವವರು ಇರುವುದಿಲ್ಲ. ಇದನ್ನು ತಡೆಯಲು, ಸಮಕಾಲಿಕ ಕ್ರಮ ಜಾರಿಯಲ್ಲಿದೆಯೇ ಎಂಬ ಗುರುತನ್ನು ಹಂಚಿಕೊಂಡ ಸ್ಮೃತಿಯಲ್ಲಿಟ್ಟು, ಸರದಿಯ ಬೀಗವನ್ನು ಹಿಡಿದುಕೊಂಡೇ ಅದನ್ನು ನೋಡುವ ನಿಯಮ ಬಂದಿತು.

ಮತ್ತೊಂದು ಸಂಗತಿ ಯಂತ್ರದ ಒಡಲಿಗೇ ಸಂಬಂಧಿಸಿದ್ದು. ಬಹುಸಂಸ್ಕಾರಕ ಗಣಕಗಳಲ್ಲಿ ಒಂದು ಸಂಸ್ಕಾರಕ ಬರೆದದ್ದು ಇನ್ನೊಂದಕ್ಕೆ ಬರೆದ ಕ್ರಮದಲ್ಲಿಯೇ ಕಾಣಬೇಕೆಂಬ ನಿಯಮವಿಲ್ಲ. ಇಂಟೆಲ್ ಮಾದರಿಯ ಸಂಸ್ಕಾರಕಗಳು ಈ ವಿಷಯದಲ್ಲಿ ಬಿಗಿ. ಪವರ್ ಮತ್ತು ಆರ್ಮ್ ಮಾದರಿಯವು ಸಡಿಲ. ಸೇವಾ ಪ್ರಕ್ರಿಯೆಯು ಬೀಗ ಹಿಡಿಯದೆ ತನ್ನ ಸ್ಥಿತಿಯನ್ನು ಓದಿದಾಗ ‘ಮುಗಿದಿದೆ’ ಎಂದು ಕಂಡರೆ ಅದು ನಿಜವೇ, ಏಕೆಂದರೆ ಮುಗಿದದ್ದನ್ನು ರವಾನೆ ಪ್ರಕ್ರಿಯೆ ಮತ್ತೆ ಬದಲಿಸುವುದಿಲ್ಲ. ‘ಕಾಯುತ್ತಿದೆ’ ಎಂದು ಕಂಡರೆ ಅದು ಹಳಸಿದ ಮಾಹಿತಿಯಾಗಿರಬಹುದು. ಅಂತಹ ಸಂದರ್ಭದಲ್ಲಿ ಬೀಗ ಹಿಡಿದು ಮತ್ತೊಮ್ಮೆ ಓದಬೇಕೆಂದು ಆ ತಿದ್ದುಪಡಿ ವಿಧಿಸಿತು. ಮುಂದೆ ಚಿಲಕದ ಕ್ರಿಯೆಗಳಲ್ಲಿಯೇ ಸ್ಮೃತಿಯ ತಡೆಗೋಡೆಗಳನ್ನು ಅಳವಡಿಸಿದ ಮೇಲೆ ಈ ಎರಡನೆಯ ಓದು ಅನಗತ್ಯವಾಯಿತು. ಇಂತಹ ಬಿರುಕುಗಳನ್ನು ಪ್ರಯೋಗದಿಂದ ಕಂಡುಹಿಡಿಯುವುದು ಬಹುಮಟ್ಟಿಗೆ ಅದೃಷ್ಟದ ಮಾತು. ಸಾಲು ಸಾಲಾಗಿ ಓದಿ, ‘ಇಲ್ಲಿ ನಿಂತರೆ ಏನಾಗುತ್ತದೆ’ ಎಂದು ಕೇಳಿಕೊಳ್ಳುವವರೇ ಇವುಗಳನ್ನು ಕಾಣಬಲ್ಲರು.

ನಡುವೆ ಎದ್ದುಹೋದವರು

ಮತ್ತೆ ಬಸ್ಸಿಗೆ ಬರೋಣ. ಊರು ಬರುವ ಮೊದಲೇ ಪ್ರಯಾಣಿಕ ಕಂಡಕ್ಟರಿಗೆ ತಿಳಿಸದೆ ಎಲ್ಲಿಯೋ ಇಳಿದುಹೋಗಿ, ಅದೇ ಆಸನದಲ್ಲಿ ಇನ್ನೊಬ್ಬ ಬಂದು ಕುಳಿತರೆ, ಹಳೆಯವನ ಊರು ಬಂದಾಗ ಕಂಡಕ್ಟರು ಹೊಸಬನನ್ನು ಎಬ್ಬಿಸುತ್ತಾನೆ. ಹಂಚಿಕೊಂಡ ಸ್ಮೃತಿಯ ಆಸನಗಳೂ ಹೀಗೆ ಮರುಬಳಕೆಯಾಗುವಂಥವು. ಒಂದು ಪ್ರಕ್ರಿಯೆ ತನ್ನ ಹೆಸರನ್ನು ಸರದಿಯಿಂದ ತೆಗೆಯದೆ ಕೊನೆಗೊಂಡರೆ, ಅದೇ ಆಸನವನ್ನು ಪಡೆದ ಹೊಸ ಪ್ರಕ್ರಿಯೆ ತನಗರಿವಿಲ್ಲದೆಯೇ ಸರದಿಯೊಳಗೆ ಇರುತ್ತದೆ. ಅದು ಮತ್ತೆ ಸರದಿಯನ್ನು ಸೇರಹೊರಟರೆ ಹಿಂದು ಮುಂದಿನ ಕೊಂಡಿಗಳು ಗೋಜಲಾಗಿ, ಸರದಿಯೇ ಕೆಡುತ್ತದೆ. ಹೆಚ್ಚು ಭಯಪಡಬೇಕಾದದ್ದು ಇದಕ್ಕಿಂತ ಬೇರೆ: ಬೇರೊಬ್ಬರ ಸ್ವೀಕೃತಿಯನ್ನು ತನ್ನದೆಂದು ತಿಳಿದು ಗ್ರಾಹಕನಿಗೆ ‘ಪೂರ್ಣಗೊಂಡಿದೆ’ ಎಂದು ಹೇಳುವುದು. ಕರೆ ತಪ್ಪಿದರೆ ವ್ಯವಸ್ಥೆ ನಿಲ್ಲುತ್ತದೆ. ಹೆಸರು ಉಳಿದರೆ ವ್ಯವಸ್ಥೆ ಸುಳ್ಳು ಹೇಳಬಹುದು.

ಆದುದರಿಂದ ಪ್ರಕ್ರಿಯೆ ಯಾವ ಕಾರಣದಿಂದ ಕೊನೆಗೊಂಡರೂ ನಿರ್ಗಮನದ ವೇಳೆ ಸರದಿಯನ್ನು ಶುದ್ಧಗೊಳಿಸುವ ಒಂದು ವಿಧಿ ನಡೆಯುತ್ತದೆ. ಬಹುಪಾಲು ಪ್ರಕ್ರಿಯೆಗಳು ಸರದಿಯಲ್ಲಿರುವುದೇ ಇಲ್ಲವಾದ್ದರಿಂದ, ಬೀಗ ಹಿಡಿಯುವ ಮೊದಲೇ ‘ನಾನು ಸರದಿಯಲ್ಲಿದ್ದೇನೆಯೇ’ ಎಂದು ನೋಡಿಕೊಂಡು, ಇಲ್ಲದಿದ್ದರೆ ಸುಮ್ಮನೆ ಹೊರಟುಹೋಗುತ್ತದೆ. ಇದ್ದರೆ ಬೀಗ ಹಿಡಿದು ಹೆಸರನ್ನು ತೆಗೆಯುತ್ತದೆ. ಇಲ್ಲಿಯೂ ಬಿರುಕು ಬಿಟ್ಟಿರಲಿಲ್ಲ! ನೋಡಿದ ಕ್ಷಣಕ್ಕೂ ಬೀಗ ದೊರೆತ ಕ್ಷಣಕ್ಕೂ ನಡುವೆ ರವಾನೆ ಪ್ರಕ್ರಿಯೆಯೇ ಆ ಹೆಸರನ್ನು ತೆಗೆದಿರಬಹುದು. ಒಂದೇ ಕೊಂಡಿಯನ್ನು ಎರಡು ಬಾರಿ ಕಳಚಹೋದರೆ ಅನಾಹುತ. ಈ ಕಾರಣದಿಂದ ಬೀಗ ಹಿಡಿದ ಮೇಲೆ ಮತ್ತೊಮ್ಮೆ ನೋಡುವ ಸಾಲನ್ನು ನಂತರದ ತಿದ್ದುಪಡಿಯಲ್ಲಿ ಸೇರಿಸಲಾಯಿತು.

ಕೊನೆಗೊಳ್ಳುವ ವಿಧಾನದಲ್ಲಿಯೇ ಒಂದು ನೈತಿಕ ಪ್ರಶ್ನೆಯೂ ಅಡಗಿದೆ. ಮೊದಲ ರೂಪದಲ್ಲಿ ಕಾಯುತ್ತಿರುವ ಪ್ರಕ್ರಿಯೆಯು ರದ್ದತಿಯ ಆಜ್ಞೆಗೂ ಸಮಾಪ್ತಿಯ ಆಜ್ಞೆಗೂ ಕಿವುಡಾಗಿತ್ತು. ಅದಕ್ಕೊಂದು ಕಾರಣವಿತ್ತು: ಕಮಿಟ್ ನಮೂದು ಸ್ಥಳೀಯ ಡಿಸ್ಕನ್ನು ಸೇರಿಯಾಗಿದೆ, ಇನ್ನು ವಹಿವಾಟನ್ನು ಹಿಂದಕ್ಕೆ ಪಡೆಯುವ ದಾರಿಯಿಲ್ಲ. ‘ವಿಫಲವಾಯಿತು’ ಎಂದರೆ ಅದು ಸುಳ್ಳು. ‘ಪೂರ್ಣಗೊಂಡಿತು’ ಎಂದರೆ ಅದು ಅರ್ಧಸತ್ಯ. ಆದರೆ ಕಿವುಡಾಗಿ ಕುಳಿತರೆ ನಿರ್ವಾಹಕರು ಸರ್ವರನ್ನು ಕ್ರಮಬದ್ಧವಾಗಿ ನಿಲ್ಲಿಸುವುದೂ ಅಸಾಧ್ಯ. 2011ರ ತಿದ್ದುಪಡಿ ಈ ಇಕ್ಕಟ್ಟನ್ನು ಹೀಗೆ ಬಿಡಿಸಿತು: ಗ್ರಾಹಕನೇ ರದ್ದತಿ ಕೋರಿದರೆ, ವಹಿವಾಟು ಸ್ಥಳೀಯವಾಗಿ ಕಮಿಟ್ ಆಗಿದೆ, ಮೀಸಲು ಸರ್ವರಿಗೆ ತಲುಪದಿರಬಹುದು ಎಂಬ ಎಚ್ಚರಿಕೆಯೊಡನೆ ಕಮಿಟ್ ಮುಗಿಯುತ್ತದೆ. ಪ್ರಕ್ರಿಯೆಯನ್ನೇ ಕೊನೆಗೊಳಿಸುವ ಆಜ್ಞೆ ಬಂದರೆ ಅದೇ ಎಚ್ಚರಿಕೆಯನ್ನು ಕೊಟ್ಟು, ಕಮಿಟ್ ಆಯಿತೆಂಬ ಉತ್ತರವನ್ನು ಮಾತ್ರ ಕೊಡದೆ, ಸಂಪರ್ಕವನ್ನು ಕಡಿಯಲಾಗುತ್ತದೆ. ಎಲ್ಲ ಪ್ರಕ್ರಿಯೆಗಳ ತಾಯಿಯಾದ ಪೋಸ್ಟ್‌ಮಾಸ್ಟರ್ ಪ್ರಕ್ರಿಯೆಯೇ ಅಳಿದರೂ ಕಾಯುವವರು ಅದನ್ನು ಅರಿತು ಹೊರಬರುವ ಏರ್ಪಾಡಿದೆ.

ಇದು ಸಮರ್ಪಕವೇ ಎಂಬ ಬಗ್ಗೆ ಭಿನ್ನಾಭಿಪ್ರಾಯಕ್ಕೆ ಅವಕಾಶವಿದೆ. ಮೈಎಸ್‌ಕ್ಯೂಎಲ್‌ನ ಅರೆಸಮಕಾಲಿಕ ಪದ್ಧತಿಯಲ್ಲಿ, ಬೇರೆ ಅವಧಿಯನ್ನು ನಿಗದಿಪಡಿಸದಿದ್ದರೆ, 10 ಸೆಕೆಂಡುಗಳವರೆಗೆ ಸ್ವೀಕೃತಿ ಬರದಿದ್ದಾಗ ಸರ್ವರ್ ತಾನಾಗಿಯೇ ಕಾಯುವುದನ್ನು ಬಿಟ್ಟು ಮುಂದುವರಿಯುತ್ತದೆ. ಪೋಸ್ಟ್‌ಗ್ರೆಸ್ ಅಂತಹ ಗಡುವನ್ನು ಇಟ್ಟುಕೊಂಡಿಲ್ಲ. ಮೀಸಲು ಸರ್ವರ್ ಬರುವವರೆಗೆ ಅಥವಾ ಮನುಷ್ಯರೊಬ್ಬರು ನಿರ್ಧರಿಸುವವರೆಗೆ ಅದು ಕಾಯುತ್ತದೆ. ಕಾಯುತ್ತಿರುವ ವಹಿವಾಟು ತಾನು ಹಿಡಿದ ಬೀಗಗಳನ್ನು ಬಿಡುವುದಿಲ್ಲ, ಅದರ ಬದಲಾವಣೆ ಬೇರೆಯವರಿಗೆ ಕಾಣುವುದೂ ಇಲ್ಲ. ಆದ್ದರಿಂದ ಒಂದೇ ಪ್ರಕ್ರಿಯೆ ಸಿಲುಕಿದರೂ ಅದೇ ಸಾಲನ್ನು ತಿದ್ದಬಯಸುವ ಇತರರು ಅದರ ಹಿಂದೆ ನಿಲ್ಲುತ್ತಾರೆ. ಬೆಲೆ ಕಡಿಮೆಯದಲ್ಲ. ಆದರೂ ವಾಗ್ದಾನವನ್ನು ಯಾರಿಗೂ ತಿಳಿಸದೆ ಸಡಿಲಿಸುವುದಕ್ಕಿಂತ ನಿಲ್ಲುವುದೇ ಲೇಸೆಂದು ಈ ಲೇಖಕನಿಗೆ ತೋರುತ್ತದೆ. ನಿಂತದ್ದು ಕಣ್ಣಿಗೆ ಕಾಣುತ್ತದೆ: ಪ್ರಕ್ರಿಯೆಗಳ ಪಟ್ಟಿಯಲ್ಲಿ ಅದು ಯಾವ ಸ್ಥಾನಸಂಖ್ಯೆಗಾಗಿ ಕಾಯುತ್ತಿದೆ ಎಂಬುದು ಬರೆದಿರುತ್ತದೆ.

ಸಂಪರ್ಕ ಕಡಿದುಹೋದ ಗ್ರಾಹಕನ ಸಮಸ್ಯೆಯೊಂದು ಉಳಿಯುತ್ತದೆ. ಹಣ ಹೋಯಿತೋ ಇಲ್ಲವೋ ತಿಳಿಯದೆ ಅವನು ಮತ್ತೆ ಅದೇ ವಹಿವಾಟನ್ನು ಕಳುಹಿಸಿದರೆ ಹಣ ಎರಡು ಬಾರಿ ಹೋಗಬಹುದು. 2017ರ 10ನೆಯ ಆವೃತ್ತಿಯಿಂದ, ವಹಿವಾಟಿನ ಸಂಖ್ಯೆಯನ್ನು ಮೊದಲೇ ಬರೆದಿಟ್ಟುಕೊಂಡ ಅನ್ವಯ ತಂತ್ರಾಂಶವು ಮರುಸಂಪರ್ಕದ ನಂತರ ಅದರ ಗತಿಯೇನಾಯಿತೆಂದು ಸರ್ವರನ್ನು ಕೇಳಬಹುದಾಗಿದೆ. ಕಮಿಟ್ ಆಗಿದೆಯೇ ಇಲ್ಲವೇ ಎಂಬುದಕ್ಕೆ ಉತ್ತರ ಅಲ್ಲಿ ಸಿಗುತ್ತದೆ. ಆ ಕಮಿಟ್ ಮೀಸಲು ಸರ್ವರನ್ನು ತಲುಪಿದೆಯೇ ಎಂಬ ಎರಡನೆಯ ಪ್ರಶ್ನೆಗೆ ಅದು ಉತ್ತರಿಸುವುದಿಲ್ಲ. ಅದಕ್ಕಾಗಿ ಮೀಸಲು ಸರ್ವರಿನ ಸ್ಥಾನಸಂಖ್ಯೆಯನ್ನು ಪ್ರತ್ಯೇಕವಾಗಿ ನೋಡಬೇಕಾಗುತ್ತದೆ.